ಮುತ್ಯಾನ ಕೆಂಡ, ಆಯಿಯ ಬೆಣ್ಣೆ

ಮೊನ್ನೆ ಸಂಜೆ ಇಂಡಿ ಊರಿನ ಈ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ನಾನು ಹೆಸರುಕಾಳು ಆರಿಸುತ್ತಿದ್ದೆ. ಮೊಮ್ಮಗಳು ಸ್ನೇಹಾ ಮೊಬೈಲು ಹಿಡಿದುಕೊಂಡು ಬಂದು ನನ್ನ ಮಗ್ಗುಲಲ್ಲಿ ಕುಳಿತಳು. ಅದರೊಳಗೆ ಒಬ್ಬ ಮನುಷ್ಯ ದುಂಡು ದುಂಡು ಚಿತ್ರ ಬರೆದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಅವಳು ನನಗೆ ಕನ್ನಡದಲ್ಲಿ ತಿಳಿಸಿ ಹೇಳಿದಳು. ನಕ್ಷತ್ರ ಬೇರೆ ಗ್ರಹ ಬೇರೆ ಅಲ್ಲವಂತೆ. ನಕ್ಷತ್ರಕ್ಕೆ ಮುಪ್ಪು ಬಂದು ತಣ್ಣಗಾದರೆ ಅದೇ ಗ್ರಹವಂತೆ. ನಮ್ಮ ಈ ಭೂಮಿಯೂ ಒಂದು ಕಾಲಕ್ಕೆ ಸೂರ್ಯನ ಹಾಗೆ ಉರಿದು ಆಮೇಲೆ ಆರಿದ್ದಂತೆ.

"ಇದನ್ನ ವಿಜ್ಞಾನಿಗಳು ಒಪ್ಪೂದಿಲ್ಲಜ್ಜಿ. ಆದ್ರ ಕೇಳಾಕ ಮಸ್ತ್ ಐತಿ, ಅಲ್ಲ?"

ನನಗೆ ನಗು ತಡೆಯಲಾಗಲಿಲ್ಲ. ಮೊರದಲ್ಲಿದ್ದ ಕಾಳು ಸೆರಗಿನ ತುಂಬ ಚೆಲ್ಲಿತು.

"ಯಾಕ ನಗತಿ?"

"ಇದು ನಮ್ಮ ಮುತ್ಯಾನ ಮಾತಲ್ಲೇನ! ಈ ಮನಷ್ಯಾಗ ಯಾರು ಹೇಳಿದ್ರು?"

ಆಮೇಲೆ ಅವಳು ಬಿಡಲಿಲ್ಲ. ಅವಳ ತಮ್ಮನೂ ಬಂದು ಕುಳಿತ. ಹೇಳು ಹೇಳು ಎಂದರು. ಹೇಳಲು ಹೋದರೆ ನನಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ನಾನು ಮಾತಿನವಳಲ್ಲ, ಅದು ನಿಮಗೆಲ್ಲ ಗೊತ್ತಿದ್ದದ್ದೇ. ನಾಲ್ಕು ಮಂದಿ ಕುಳಿತಲ್ಲಿ ನನ್ನ ನಾಲಿಗೆ ಒಣಗುತ್ತದೆ. ಆದರೆ ಕೈಯಲ್ಲಿ ಪೆನ್ನು ಹಿಡಿದರೆ ಅಷ್ಟು ಅಂಜಿಕೆಯಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾನು ಬೆಳೆದ ಮನೆ ಮುದ್ದೇಬಿಹಾಳ ತಾಲೂಕಿನಲ್ಲಿ, ತಾಳಿಕೋಟೆಗೆ ಹೋಗುವ ಹಾದಿಯ ಬದಿಯ ಒಂದು ಹಳ್ಳಿಯಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ಎತ್ತುಗಳು ನಿಲ್ಲುವ ಜಾಗ ತಗ್ಗಿನಲ್ಲಿ, ನಾವು ಕೂಡುವ ಪಡಸಾಲೆ ಎತ್ತರದಲ್ಲಿ. ನಡುವೆ ಗೋಡೆ ಇರಲಿಲ್ಲ. ಎತ್ತು ಮೇವು ಅಗಿಯುವ ಸಪ್ಪಳ ಕೇಳುತ್ತಲೇ ನಾವು ರೊಟ್ಟಿ ಮುರಿಯುತ್ತಿದ್ದೆವು. ಪಡಸಾಲೆಯ ಹಿಂದೆ ಅಡಿಗೆ ಮನೆ. ಅದಕ್ಕೆ ಕಿಟಕಿ ಇಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಮಧ್ಯಾಹ್ನ ಅದರೊಳಗಿಂದ ಬಿಸಿಲು ಕೋಲಿನ ಹಾಗೆ ಇಳಿದು ನೆಲಕ್ಕೆ ತಾಗುತ್ತಿತ್ತು. ಹೊಗೆ ಆ ಬಿಸಿಲಿನೊಳಗೆ ಸುತ್ತುತ್ತ ಸುತ್ತುತ್ತ ಮೇಲಕ್ಕೆ ಹೋಗುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದರೆ ನಾನು ಆ ಹೊಗೆಯನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದಿಷ್ಟು ಗಟ್ಟಿ ಮೊಸರು. ಈಗ ನೀವು ಏನೇನೋ ತರಿಸಿಕೊಂಡು ತಿನ್ನುತ್ತೀರಿ. ತಿನ್ನಿರಿ. ಆದರೆ ಆ ಹೊಗೆ ಹತ್ತಿದ ಮೊಸರಿನ ರುಚಿಯನ್ನು ನಿಮಗೆ ಹೇಗೆ ಬರೆದು ತೋರಿಸಲಿ?

ಆ ಮನೆಯಲ್ಲಿ ಮುತ್ಯಾ ಮತ್ತು ಆಯಿ, ಅಂದರೆ ನನ್ನ ಅಪ್ಪನ ಅಪ್ಪ ಅವ್ವ, ಇದ್ದರು. ಅಪ್ಪ ಇದ್ದ, ಅವ್ವ ಇದ್ದಳು, ನಾನು ಮತ್ತು ನನಗಿಂತ ಸಣ್ಣ ತಮ್ಮಂದಿರು. ಈಗ ನಾನು ಹೇಳುವ ರೂಢಿ ನಿಮಗೆ ವಿಚಿತ್ರ ಅನ್ನಿಸಬಹುದು. ಆಯಿ ಆ ಮನೆಗೆ ಸೊಸೆಯಾಗಿ ಬಂದ ಕಾಲಕ್ಕೆ ಹಿರಿಯರ ಎದುರು ಹೆಂಗಸು ಗಂಡನ ಜೊತೆ ಮಾತಾಡುವಂತಿರಲಿಲ್ಲ. ಆ ಹಿರಿಯರು ಹೋಗಿ ಎಷ್ಟೋ ಕಾಲವಾಗಿತ್ತು, ರೂಢಿ ಮಾತ್ರ ಉಳಿದಿತ್ತು. ಮೂರನೆಯ ಜೀವ ಯಾವುದಾದರೂ ಹತ್ತಿರ ಇದ್ದರೆ ಆಯಿ ಮುತ್ಯಾನಿಗೆ ನೇರ ಮಾತಾಡುತ್ತಿರಲಿಲ್ಲ. ಆ ಮೂರನೆಯವರ ಮುಖ ನೋಡಿ ಹೇಳುತ್ತಿದ್ದಳು, ಅದು ಮುತ್ಯಾನಿಗೆ ಮುಟ್ಟುತ್ತಿತ್ತು. ನಾನು ಹುಟ್ಟುವ ಮೊದಲು ಈ ಕೆಲಸ ಎತ್ತುಗಳ ಪಾಲಿಗಿತ್ತು ಎಂದು ಅವ್ವ ನಗುತ್ತ ಹೇಳುತ್ತಿದ್ದಳು. "ಕೇಳೋ ಬಸವಾ, ನಿನ್ನ ಒಡೆಯಾ ಇವತ್ತ ಊಟಾ ಮಾಡತಾನಂತೋ ಇಲ್ಲಂತೋ" ಎಂದು ಆಯಿ ಎತ್ತಿಗೆ ಕೇಳಿದರೆ ಮುತ್ಯಾ ಬಂದು ತಾಟಿನ ಮುಂದೆ ಕೂಡುತ್ತಿದ್ದನಂತೆ. ನನಗೆ ಮಾತು ಬಂದ ಮೇಲೆ ಎತ್ತಿಗೆ ಬಿಡುವು ಸಿಕ್ಕಿತು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಮಾರು ದೂರದಲ್ಲಿ ಕುಳಿತು, ನಡುವೆ ನನ್ನನ್ನು ಕೂಡಿಸಿಕೊಂಡು, ನನ್ನ ಕಡೆ ನೋಡುತ್ತ ಜಗಳಾಡುತ್ತಿದ್ದರು. ಕೇಳು, ಹೇಳು, ಕೇಳು, ಹೇಳು. ಇಬ್ಬರ ಮಾತೂ ನನ್ನ ಕಿವಿಯಲ್ಲೇ ಇರುತ್ತಿದ್ದುದರಿಂದ ನನ್ನ ಸ್ವಂತದ ಮಾತು ಯಾರಿಗೂ ಬೇಕಾಗಲಿಲ್ಲ, ನನಗೂ ಬೇಕಾಗಲಿಲ್ಲ. ನಾನು ಮೂಗಿಯ ಹಾಗೆ ಬೆಳೆದದ್ದು ಹೀಗೆ. ಆದರೆ ಒಬ್ಬರ ಮಾತನ್ನು ಕೆಡಿಸದೆ ಇನ್ನೊಬ್ಬರಿಗೆ ಮುಟ್ಟಿಸುವುದನ್ನು ಕಲಿತದ್ದೂ ಅಲ್ಲಿಯೇ.

ಅವರಿಬ್ಬರ ದೊಡ್ಡ ಜಗಳ ಎಂದರೆ ಚಿಕ್ಕಿಗಳದು. ನಾವು ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತೇವೆ. ಸಂಜೆ ಅಡಿಗೆ ಮುಗಿದ ಮೇಲೆ ಅವ್ವ ಒಲೆಯ ಕೆಂಡವನ್ನು ಒಂದೆಡೆ ಕೂಡಿಸಿ ಬೂದಿ ಮುಚ್ಚುತ್ತಿದ್ದಳು. ಮುಂಜಾನೆ ಬೂದಿ ಸರಿಸಿದರೆ ಒಳಗೆ ಕೆಂಪಗೆ ಕೆಂಡ ಇರುತ್ತಿತ್ತು, ಕಡ್ಡಿ ಗೀರುವ ಕೆಲಸವಿರಲಿಲ್ಲ. ಒಂದು ಸಂಜೆ ಮುತ್ಯಾ ನನ್ನ ಕೈ ಹಿಡಿದು ಆ ಬೂದಿಯ ಮೇಲಿಟ್ಟ.

"ಮುಟ್ಟು ನೀಲವ್ವ. ಸುಡತೈತೇನ?"

"ಇಲ್ಲ ಮುತ್ಯಾ. ಬೆಚ್ಚಗ ಐತಿ."

"ಒಳಗ ಏನೈತಿ?"

"ಕೆಂಡ."

"ಹಾಂ. ನೀ ಈಗ ಕುಂತೀಯಲ್ಲ ಈ ನೆಲ, ಇದೂ ಹಂಗ. ಇದೂ ಒಂದು ಚಿಕ್ಕಿನ. ಮ್ಯಾಲ ಬೂದಿ ಕಟ್ಟೇತಿ, ಒಳಗ ಇನ್ನೂ ಜೀವ ಐತಿ."

ಬೇಸಿಗೆಯಲ್ಲಿ ಊಟ ಮುಗಿಸಿ ಎಲ್ಲರೂ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಹೋಗುತ್ತಿದ್ದೆವು. ಕೌದಿ ಹಾಸಿಕೊಂಡು ಮಲಗಿದರೆ ಮೇಲೆ ಆಕಾಶ ಅಷ್ಟೇ. ಮುತ್ಯಾ ಬೆರಳು ಮಾಡಿ ತೋರಿಸುತ್ತಿದ್ದ.

"ಆ ಬೆಳ್ಳಗ ಐತಲ್ಲ, ಅದು ಹರೇದ್ದು. ಈ ಕೆಂಪಗ ಐತಲ್ಲ, ಇದು ಮುಪ್ಪಿಂದು, ನನ್ನಂಗ. ಇನ್ನೊಂದೀಟು ಕಾಲಕ್ಕ ಇದರ ಮ್ಯಾಲ ಬೂದಿ ಕಟ್ಟತೈತಿ. ಆಮ್ಯಾಲ ಮಳಿ ಆಗತೈತಿ. ಆಮ್ಯಾಲ ಯಾರರೆ ಒಬ್ಬಾಂವ ಬಂದು ಜೋಳ ಬಿತ್ತತಾನ."

ಆಚೆ ಕೌದಿಯ ಮೇಲಿಂದ ಆಯಿಯ ದನಿ ಬರುತ್ತಿತ್ತು.

"ಕೇಳವ್ವಾ ನೀಲಾ, ಬೂದ್ಯಾಗ ಜೋಳ ಬೆಳದದ್ದು ಯಾವ ಊರಾಗ ನೋಡಿ ಬಂದಾರಂತ ಕೇಳು."

"ಹೇಳು ನಿಮ್ಮ ಆಯಿಗೆ, ತಿಪ್ಪಿ ಬೂದಿ ಹೊಲಕ್ಕ ಯಾತಕ್ಕ ಹೊರತೇವಿ ಅಂತ."

"ಒಳಗ ಬೆಂಕಿ ಐತಿ ಅಂತಾರಲ್ಲ, ನೋಡಿದೋರು ಯಾರಂತ?"

"ಥಂಡಿ ದಿನದಾಗ ಮುಂಜಾನೆ ಬಾವಿ ನೀರು ಬೆಚ್ಚಗ ಇರತೈತೋ ಇಲ್ಲೋ? ಅದನ್ನ ಕಾಸಿದೋರು ಯಾರು? ಕೇಳು ಆಕಿಗೆ."

"ಬ್ಯಾಸಗ್ಯಾಗ ಅದ ಬಾವಿ ನೀರು ತಣ್ಣಗ ಇರತೈತಿ. ಆವಾಗ ಬೆಂಕಿ ಎಲ್ಲಿ ಹೋಗಿತ್ತು, ಜಾತ್ರಿಗೆ?"

ಅಪ್ಪ ಮಗ್ಗುಲು ಹೊರಳಿ, "ಮಕ್ಕೋರಿ ಇನ್ನ, ನಾಳಿ ಹೊಲಕ್ಕ ಹೋಗೂದೈತಿ" ಎಂದು ಗೊಣಗುತ್ತಿದ್ದ. ಎರೆ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಆರುವ ವಸ್ತು ಕುಗ್ಗಿ ಬಿರಿಯುತ್ತದೆ, ಭೂಮಿ ಇನ್ನೂ ಆರುತ್ತಲೇ ಇದೆ ಎಂಬುದಕ್ಕೆ ಮುತ್ಯಾ ಅದನ್ನೇ ಸಾಕ್ಷಿ ಮಾಡಿಕೊಂಡಿದ್ದ. ಮಳೆ ಬಂದರೆ ಮುಚ್ಚುತ್ತದಲ್ಲ ಎಂದು ಆಯಿ ನನ್ನ ಬಾಯಿಂದ ಕೇಳಿಸಿದರೆ ಅವನು ಎದ್ದು ಕುಳಿತು ತಂಬಾಕು ಹುಡುಕುತ್ತಿದ್ದ.

ಆಯಿಗೆ ಅವಳದೇ ಒಂದು ತಿಳಿವಳಿಕೆ ಇತ್ತು. ಅದು ಮಜ್ಜಿಗೆ ಗಡಿಗೆಯೊಳಗಿನದು. ನಸುಕಿನಲ್ಲಿ ಎದ್ದು ಕಂಬಕ್ಕೆ ಕಡಗೋಲು ಕಟ್ಟಿ, ಹಗ್ಗ ಎಳೆದು ಬಿಟ್ಟು ಎಳೆದು ಬಿಟ್ಟು ಅವಳು ಮಜ್ಜಿಗೆ ಕಡೆಯುತ್ತಿದ್ದಳು. ನಾನು ನಿದ್ದೆಗಣ್ಣಿನಲ್ಲಿ ಹೋಗಿ ಎದುರಿಗೆ ಕೂಡುತ್ತಿದ್ದೆ, ಬೆಣ್ಣೆಯ ಆಸೆಗೆ. ಬೆಣ್ಣೆ ಬರುವ ಹೊತ್ತಿಗೆ ಹಗ್ಗದ ಸಪ್ಪಳವೇ ಬೇರೆಯಾಗುತ್ತಿತ್ತು. ಆಗ ಅವಳು ಕೈ ನಿಲ್ಲಿಸಿ ಗಡಿಗೆಯೊಳಗೆ ಬಗ್ಗಿ ನೋಡಲು ಹೇಳುತ್ತಿದ್ದಳು.

"ನೋಡಿಲ್ಲೆ. ಮೊದಲ ಎಲ್ಲಾ ಒಂದ ಇತ್ತು, ಬೆಣ್ಣಿನೂ ಇಲ್ಲ, ಮಜ್ಜಿಗಿನೂ ಇಲ್ಲ. ತಿರುಗಿ ತಿರುಗಿ ಕಾಳು ಕಾಳು ಕೂಡ್ಯಾವು. ದೊಡ್ಡ ಮುದ್ದಿ ನಡುವ ಐತಲ್ಲ, ಅದು ಸೂರ್ಯಾ. ಸಣ್ಣ ಸಣ್ಣವು ಸುತ್ತ ತೇಲತಾವಲ್ಲ, ಅದರಾಗೊಂದು ನಾವು. ಯಾವುದೂ ಯಾವುದರ ಬೂದಿ ಅಲ್ಲ. ಎಲ್ಲಾ ಒಂದ ಗಡಗಿಯವು. ಹೋಗಿ ಹೇಳು ಅವ್ರಿಗೆ."

ನಾನು ಬೆಣ್ಣೆ ನೆಕ್ಕುತ್ತ ಹೋಗಿ ಹೇಳುತ್ತಿದ್ದೆ. ಮುತ್ಯಾ ಎತ್ತಿನ ಮೈ ಉಜ್ಜುತ್ತ ಕೇಳುತ್ತಿದ್ದ.

"ಕಡದೋರು ಯಾರಂತ ಕೇಳಿ ಬಾ."

ವಾಪಸು ಓಡುತ್ತಿದ್ದೆ.

"ಅವ್ರ ಕೆಂಡಾ ಹೊತ್ತಿಸಿದೋರು ಯಾರಂತ ಮೊದಲ ಹೇಳಲಿ!"

ಮತ್ತೆ ಓಡುತ್ತಿದ್ದೆ. ಈ ಓಡಾಟದಲ್ಲಿ ನನಗೆ ಬೇಸರ ಬಂದದ್ದು ನೆನಪಿಲ್ಲ. ಇಬ್ಬರೂ ಸಾಲೆಯ ಬಾಗಿಲು ಕಂಡವರಲ್ಲ. ಅವರು ಹೇಳಿದ್ದು ಖರೆಯೋ ಸುಳ್ಳೋ ಎನ್ನುವುದಕ್ಕಿಂತ, ಹೊಟ್ಟೆಪಾಡಿನ ಕೆಲಸ ಮಾಡುತ್ತಲೇ ಅಷ್ಟು ದೂರದ ವಿಚಾರಕ್ಕೆ ಜಗಳಾಡುತ್ತಿದ್ದರಲ್ಲ, ಅದನ್ನು ನೆನೆದರೆ ಈಗ ಅವರ ಪಾದ ಮುಟ್ಟಬೇಕೆನ್ನಿಸುತ್ತದೆ.

ನಮ್ಮೂರ ಸಾಲೆ ಏಳನೆಯ ತರಗತಿಯವರೆಗೆ ಇತ್ತು. ನಾನು ಏಳರಲ್ಲಿದ್ದಾಗ ಬಸವನ ಬಾಗೇವಾಡಿ ಕಡೆಯಿಂದ ಒಬ್ಬ ಮಾಸ್ತರರು ಬಂದರು. ಎಳೆಯ ವಯಸ್ಸು, ಸೈಕಲ್ಲು, ಯಾವಾಗಲೂ ಸೀಮೆಸುಣ್ಣ ಹತ್ತಿದ ಅಂಗಿ. ಒಂದು ದಿನ ಅವರು ಪಾಠದ ನಡುವೆ, ಭೂಮಿ ಹೇಗೆ ಆಯಿತು, ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಾನಂತೂ ಸಾಲೆಯಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಆದರೆ ಆ ಪ್ರಶ್ನೆ ನನ್ನ ಮನೆಯೊಳಗಿನದು. ಎದ್ದು ನಿಂತು, ಮನೆಯಲ್ಲಿ ಹೇಳುವ ಹಾಗೆಯೇ, ಮುತ್ಯಾ ಹೀಗೆ ಅಂತಾನ್ರಿ, ಆಯಿ ಹೀಗೆ ಅಂತಾಳ್ರಿ ಎಂದು ಎರಡನ್ನೂ ಒಪ್ಪಿಸಿಬಿಟ್ಟೆ. ಹುಡುಗರು ಬಿದ್ದು ಬಿದ್ದು ನಕ್ಕರು. ಬೆಣ್ಣಿ ನೀಲಿ ಎಂದು ನನಗೆ ಹೆಸರೂ ಬಿತ್ತು. ಮಾಸ್ತರರು ಮಾತ್ರ ನಗಲಿಲ್ಲ. ಸಂಜೆ ಸೈಕಲ್ಲು ನೂಕಿಕೊಂಡು ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಕುಳಿತು ಮಜ್ಜಿಗೆ ಕುಡಿದು, ಮುತ್ಯಾನನ್ನೂ ಆಯಿಯನ್ನೂ ಮತ್ತೆ ಮೊದಲಿಂದ ಕೇಳಿದರು. ಕೇಳಿ, ಎಂಟನೆಯ ತರಗತಿಯ ಪುಸ್ತಕದಲ್ಲಿ ಇದರ ಮೇಲೊಂದು ಪಾಠ ಇದೆ, ಅದು ಈಗ ತಮ್ಮ ಹತ್ತಿರ ಇಲ್ಲ, ಬರುವ ವರ್ಷ ಈ ಊರಲ್ಲೇ ಎಂಟನೆಯದು ಶುರುವಾಗುತ್ತದೆ, ನೀಲಾ ಬರಲಿ ಎಂದರು.

ಆದರೆ ನನ್ನ ಸಾಲೆ ಏಳಕ್ಕೆ ಮುಗಿಯಿತೆಂದು ಅಪ್ಪ ಆಗಲೇ ತೀರ್ಮಾನಿಸಿಯಾಗಿತ್ತು. ನನ್ನ ಜೊತೆಯ ಹುಡುಗಿಯರೆಲ್ಲ ಬಿಡುವವರಿದ್ದರು. ಸಿಂದಗಿ ಕಡೆ ಒಂದು ಒಳ್ಳೆಯ ಮನೆತನ ಇದೆಯೆಂದು ಮಾತೂ ಬಂದಿತ್ತು. ಅಪ್ಪ ಕೆಟ್ಟವನಲ್ಲ. ಆಗ ಎಲ್ಲ ಅಪ್ಪಂದಿರೂ ಹಾಗೆಯೇ ಯೋಚಿಸುತ್ತಿದ್ದರು.

"ಆ ಪುಸ್ತಕ ತಾಳಿಕೋಟ್ಯಾಗ ಸಿಗತೈತೇನ್ರಿ ಮಾಸ್ತರ? ಸಂತಿಗೆ ಹ್ವಾದಾಗ ತರತೇನಿ. ಓದಿದ್ರಾತು" ಎಂದ ಅಪ್ಪ.

ಮುತ್ಯಾ ಗಂಟಲು ಸರಿಮಾಡಿಕೊಂಡ.

"ಪುಸ್ತಕಾ ತಂದು ಎತ್ತಿಗೆ ಓದಿ ಹೇಳತೀಯೇನು? ಮಾಸ್ತರ ಬಾಯಿಲೆ ಕೇಳಿ ಬರಬೇಕದು. ಆಕಿ ಹೋಗಲಿ. ಚಿಕ್ಕಿ ತಣ್ಣಗಾದದ್ದ ಭೂಮಿ ಅಂತ ಪುಸ್ತಕದಾಗ ಇರತೈತಿ, ಬಂದು ಅವರ ಆಯಿಗೆ ಹೇಳಲಿ."

"ನೀಲಾ, ಹೋಗಿ ಬಾರವ್ವ" ಎಂದಳು ಆಯಿ, ನನ್ನ ಮುಖ ನೋಡಿ. "ಗಡಗಿ ವಿಚಾರ ಇರತೈತಿ ಪುಸ್ತಕದಾಗ. ಬಂದು ಅವ್ರಿಗೆ ಓದಿ ಹೇಳು, ಬಾಯಿ ಮುಚ್ಚಲಿ."

ಅಡಿಗೆ ಮನೆಯ ಬಾಗಿಲಲ್ಲಿ ನಿಂತ ಅವ್ವ ಸೆರಗಿನಿಂದ ನಗು ಮುಚ್ಚಿಕೊಂಡಳು. ಆ ಇಬ್ಬರೂ ಒಂದು ವಿಷಯಕ್ಕೆ ಹೂಂ ಎಂದದ್ದನ್ನು ಅವಳು ಆ ಮನೆಗೆ ಬಂದ ಮೇಲೆ ನೋಡಿರಲಿಲ್ಲವಂತೆ. ಅಪ್ಪನಿಗೆ ಎದುರು ಹೇಳಲು ಆಗಲಿಲ್ಲ. ಹೀಗೆ, ಗಂಡ ಹೆಂಡಿರ ಒಂದು ಜಗಳ ಬಗೆಹರಿಸಿಕೊಂಡು ಬರಲಿಕ್ಕೆಂದು ನನ್ನನ್ನು ಎಂಟನೆಯ ತರಗತಿಗೆ ಹಾಕಿದರು.

ಎಂಟರ ಆ ಪಾಠ ಬರುವವರೆಗೆ ಮನೆಯಲ್ಲಿ ದಿನಾ ಒಂದೇ ಪ್ರಶ್ನೆ. ಬಂತೇನ? ಇವತ್ತಾದರೂ ಬಂತೇನ? ಥಂಡಿ ದಿನಗಳಲ್ಲಿ ಅದು ಬಂತು. ಪುಸ್ತಕ ಹಳೆಯದು, ಯಾರೋ ಓದಿ ಬಿಟ್ಟದ್ದು. ಅದರಲ್ಲಿ ಇದ್ದದ್ದು ಹೀಗೆ: ಬಹಳ ಹಿಂದೆ ಇನ್ನೊಂದು ನಕ್ಷತ್ರ ಸೂರ್ಯನ ಹತ್ತಿರದಿಂದ ಹಾದುಹೋಯಿತು, ಅದರ ಸೆಳೆತಕ್ಕೆ ಸೂರ್ಯನ ಮೈಯಿಂದ ಒಂದು ಎಳೆ ಹೊರಗೆ ಬಂತು, ಆ ಎಳೆ ತುಂಡು ತುಂಡಾಗಿ ಗ್ರಹಗಳಾದವು. ಮನೆಗೆ ಬರುವ ಹಾದಿಯಲ್ಲಿ ಆ ಪುಟವನ್ನೇ ಮತ್ತೆ ಮತ್ತೆ ತೆಗೆದು ಓದಿದೆ. ಕೆಂಡವೂ ಇಲ್ಲ, ಬೆಣ್ಣೆಯೂ ಇಲ್ಲ. ಪಡಸಾಲೆಯಲ್ಲಿ ಇಬ್ಬರ ನಡುವೆ ಕುಳಿತು ಓದಿ ಹೇಳಿದೆ.

"ಹಾದ್ಯಾಗ ಹೋಗೋ ಚಿಕ್ಕಿ ಎಳದಿತ್ತಂತೇನು?" ಎಂದಳು ಆಯಿ. "ಹೋಗೋರು ಬರೋರೆಲ್ಲಾ ತನ್ನ ಧೋತರಾ ಹಿಡದು ಎಳೆಯಾಕತ್ತಿದ್ರ ಸೂರ್ಯಾ ಸುಮ್ಮ ನಿಂತಿದ್ದನಂತೇನು?"

ಮುತ್ಯಾನಿಗೆ ನಗು ಬಂತು. ಆಯಿಯ ಮಾತಿಗೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬರದಾಂವ ಒಲಿ ಮುಂದ ಕುಂತಾಂವಲ್ಲ, ಹೇಳು ನಿಮ್ಮ ಆಯಿಗೆ."

"ಗಡಗಿ ಮುಂದನೂ ಕುಂತಾಂವಲ್ಲ, ಹೇಳು ಅವ್ರಿಗೆ."

ಮರುದಿನ ಮಾಸ್ತರರಿಗೆ ಈ ಮಾತು ಅಂಜುತ್ತ ಅಂಜುತ್ತ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. ಈ ಪಾಠ ಹಳೆಯದಾಯಿತು, ಈಗಿನವರು ಇದನ್ನು ಅಷ್ಟು ನಂಬುವುದಿಲ್ಲ, ಒಂಬತ್ತನೆಯದರ ಹೊಸ ಪುಸ್ತಕದಲ್ಲಿ ಬೇರೆ ಬರೆದಿದ್ದಾರಂತೆ ಎಂದರು. ಅಚ್ಚು ಹಾಕಿದ್ದೂ ಬದಲಾಗುತ್ತದೆಯೇ? ನನಗೆ ಅದು ದೊಡ್ಡ ಸುದ್ದಿಯಾಗಿತ್ತು. ಪುಸ್ತಕದಲ್ಲಿದ್ದದ್ದು ಕಲ್ಲಿನಲ್ಲಿ ಕೊರೆದದ್ದು ಎಂದುಕೊಂಡಿದ್ದೆ. ಬರೆದವರೂ ಮುತ್ಯಾ ಆಯಿಯ ಹಾಗೆಯೇ ಕುಳಿತು ವಾದಿಸುತ್ತಾರೆ, ಸರಿಯಾದದ್ದು ಸಿಕ್ಕರೆ ಹಳೆಯದನ್ನು ಬಿಡುತ್ತಾರೆ ಎಂದು ತಿಳಿದ ದಿನ ಪುಸ್ತಕದ ಅಂಜಿಕೆ ನನಗೆ ಅರ್ಧ ಹೋಯಿತು.

ಆ ವರ್ಷ ಮುಗಿದಾಗ ಅಪ್ಪ, "ಉತ್ತರ ಬಂತಲ್ಲ, ಇನ್ನ ಸಾಕು" ಎಂದ. ಇಬ್ಬರೂ ಕೂಡಿಯೇ ಅವನ ಮೇಲೆ ಬಿದ್ದರು. ಆ ಉತ್ತರ ಉತ್ತರವೇ ಅಲ್ಲ, ಒಂಬತ್ತರಲ್ಲಿ ಇರುವುದು ಖರೆ ಉತ್ತರ. ಅಪ್ಪ ತಲೆಗೆ ಕೈ ಹಚ್ಚಿಕೊಂಡ. ಸಿಂದಗಿಯವರಿಗೆ ಮುಂದಿನ ವರ್ಷ ಬರಲು ಹೇಳಿ ಕಳಿಸಿದ. ನಮ್ಮೂರ ಸಾಲೆಗೆ ವರ್ಷಕ್ಕೊಂದು ತರಗತಿ ಸೇರುತ್ತ ಬಂದಿತ್ತು, ನಾನು ಒಂಬತ್ತಕ್ಕೆ ಹೋದೆ, ತರಗತಿಯಲ್ಲಿ ಒಬ್ಬಳೇ ಹುಡುಗಿ.

ಹೊಸ ಪುಸ್ತಕ ಹೇಳಿದ್ದು ಇದು: ಮೊದಲು ಧೂಳು ಮತ್ತು ಅನಿಲದ ದೊಡ್ಡ ಮೋಡ ಇತ್ತು, ಅದು ತನ್ನೊಳಗೆ ತಾನು ಕುಗ್ಗುತ್ತ ತಿರುಗಿತು, ನಡುವೆ ಹೆಚ್ಚು ಕೂಡಿದ್ದು ಸೂರ್ಯ, ಸುತ್ತ ಉಳಿದದ್ದು ಕಾಳು ಕಾಳಾಗಿ ಕೂಡಿ ಗ್ರಹಗಳು. ಓದುತ್ತ ಓದುತ್ತ ನನ್ನ ಮೈ ಜುಮ್ ಎಂದಿತು, ಆಯಿಯೇ ಬರೆಸಿದ ಹಾಗಿತ್ತು. ಆದರೆ ಮರುಕ್ಷಣ ಮುತ್ಯಾನ ಮುಖ ಕಣ್ಣ ಮುಂದೆ ಬಂತು. ಆ ವರ್ಷ ಅವನ ಕಣ್ಣಿಗೆ ಮಬ್ಬು ಕವಿದಿತ್ತು. ಮಾಳಿಗೆಯ ಮೇಲೆ ಮಲಗಿ, ಕೆಂಪು ಚಿಕ್ಕಿ ಎಲ್ಲಿ ಬಂದಿದೆ ಎಂದು ನನ್ನನ್ನೇ ಕೇಳುತ್ತಿದ್ದ. ತರಗತಿ ಬಿಟ್ಟ ಮೇಲೆ ಮಾಸ್ತರರ ಹತ್ತಿರ ಹೋಗಿ ನಿಂತೆ.

"ಕೆಂಡದ ಮಾತು ಪೂರಾ ಸುಳ್ಳೇನ್ರಿ ಸರ್?"

ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

"ಭೂಮಿ ಒಳಗ ಬಿಸಿ ಐತಿ, ಅದು ಖರೆ. ಕೆಂಪು ನಕ್ಷತ್ರಕ್ಕ ಬಿಳೇದರಕಿಂತಾ ಕಾವು ಕಡಿಮಿ, ಅದೂ ಖರೆ. ಆದ್ರ ಭೂಮಿ ನಕ್ಷತ್ರ ಆಗಿತ್ತು ಅನ್ನಾಕ ಆಗೂದಿಲ್ಲವಾ. ಸೂರ್ಯನ ಮುಂದ ಭೂಮಿ ಎಷ್ಟು ಹಗುರ ಗೊತ್ತೈತಲ್ಲ? ಅಷ್ಟೂ ಭಾರ ಎಲ್ಲಿ ಹೋತು? ಹೋಗಿ ಕೇಳು ನಿಮ್ಮ ಮುತ್ಯಾನ್ನ."

ಸಂಜೆ ಓದಿ ಹೇಳಿದೆ. ಆಯಿ ಎದ್ದು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊದಲು ಮುತ್ಯಾನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಹಗ್ಗವನ್ನು ಹೊಸೆಯುತ್ತಲೇ ಇದ್ದ, ತಲೆ ಎತ್ತಲಿಲ್ಲ. ಆಯಿಯ ದನಿ ಸಣ್ಣದಾಯಿತು.

"ನೀಲಾ, ಒಳಗ ಬಿಸಿ ಐತಿ ಅಂತ ಮಾಸ್ತರ ಅಂದ್ರಂದೆಲ್ಲ, ಅದನ್ನ ಇನ್ನೊಮ್ಮಿ ಹೇಳವ್ವ. ಅವ್ರಿಗೆ ಸರಿ ಕೇಳಿಸಿರಾಕಿಲ್ಲ."

ನಾನು ಇನ್ನೊಮ್ಮೆ ಹೇಳಿದೆ. ಜೋರಾಗಿ ಹೇಳಿದೆ. ಮುತ್ಯಾ ಹಗ್ಗ ಬದಿಗಿಟ್ಟ. ಮಾಸ್ತರರ ಭಾರದ ಪ್ರಶ್ನೆಯನ್ನೂ ಅವನಿಗೆ ಮುಟ್ಟಿಸಿದೆ. ಕೆಲವು ದಿನ ಬಿಟ್ಟು ಒಂದು ಮುಂಜಾನೆ ನಾನು ಪಾಟಿಚೀಲ ಹೆಗಲಿಗೆ ಹಾಕುವಾಗ ಕರೆದ.

"ಹೇಳು ನಿಮ್ಮ ಮಾಸ್ತರಗ. ಬಂಡಿ ತುಂಬ ಕಟಗಿ ಸುಟ್ರ ಬುಟ್ಟಿ ತುಂಬ ಬೂದಿ ಉಳಿತೈತಿ. ಭಾರ ಎಲ್ಲಿ ಹೋತಂತ ಕೇಳು."

ಮಾಸ್ತರರು ಕೇಳಿ ಮನಸಾರೆ ನಕ್ಕರು. ಉತ್ತರ ಭಾಳ ಚಲೋ ಐತಿ, ಆದ್ರೂ ಹಂಗಲ್ಲ ಅಂತ ಹೇಳು ಎಂದರು. ಚಲೋ ಎಂದದ್ದನ್ನೂ, ಹಂಗಲ್ಲ ಎಂದದ್ದನ್ನೂ ನಾನು ಎರಡೂ ಮುಟ್ಟಿಸಿದೆ. ಮುತ್ಯಾ ತೃಪ್ತಿಯಿಂದ ತಲೆಯಾಡಿಸಿದ. ಹಳ್ಳಿಯ ಮುದುಕನ ಮಾತೆಂದು ತಳ್ಳಿಹಾಕದೆ, ಮುದುಕನೆಂದು ಸುಮ್ಮನೆ ಒಪ್ಪಿಯೂ ಬಿಡದೆ, ಸಮಕ್ಕೆ ನಿಂತು ವಾದಿಸಿದ ಆ ಮಾಸ್ತರರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಪರೀಕ್ಷೆ ಮುಗಿದ ವಾರದಲ್ಲೇ ಸಿಂದಗಿ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗ, ಅವನ ಅಪ್ಪ, ಒಬ್ಬ ಸೋದರತ್ತೆ. ಅಪ್ಪ ಮೊದಲೇ ಹೇಳಿದ್ದ, ಈ ಸಲ ಹುಡುಗಿ ಒಪ್ಪಿಗೆಯಾದರೆ ಈ ಬೇಸಿಗೆಯಲ್ಲೇ ಲಗ್ನ, ಹತ್ತನೆಯದೂ ಗಿತ್ತನೆಯದೂ ಇಲ್ಲ ಎಂದು. ನಾನು ಇಳಕಲ್ ಸೀರೆ ಉಟ್ಟು ಚಾಪೆಯ ಮೇಲೆ ಕುಳಿತೆ. ಸೋದರತ್ತೆ ನನ್ನ ಹೆಸರು ಕೇಳಿದಳು, ರೊಟ್ಟಿ ತೆಳ್ಳಗೆ ಬಡಿಯುತ್ತೀಯೋ ಎಂದು ಕೇಳಿದಳು. ಹುಡುಗನ ಅಪ್ಪ ನಗುಮುಖದ ಮನುಷ್ಯ.

"ಒಂಬತ್ತನೇದು ಓದ್ಯಾಳಂತಲ್ಲ, ಏನು ಕಲ್ತಿಯವ್ವಾ? ಒಂದೀಟು ಹೇಳು, ಕೇಳೂಣು."

ನನ್ನ ನಾಲಿಗೆ ಒಣಗಿತು. ಮುತ್ಯಾ ಮೂಲೆಯಿಂದ, "ಹೇಳು ನೀಲವ್ವ, ಅದನ್ನ ಹೇಳು" ಎಂದ. ನೆಲ ನೋಡುತ್ತ ಶುರು ಮಾಡಿದೆ. ಭೂಮಿ ಹೇಗಾಯಿತು ಎಂಬುದಕ್ಕೆ ಮುತ್ಯಾ ಹೀಗೆ ಅಂತಾನ್ರಿ. ಆಯಿ ಹೀಗೆ ಅಂತಾಳ್ರಿ. ಎಂಟನೆಯದರ ಪುಸ್ತಕ ಹೀಗೆ ಅಂತೈತ್ರಿ, ಒಂಬತ್ತನೆಯದರದು ಹೀಗೆ ಅಂತೈತ್ರಿ. ಒಬ್ಬರದೂ ಕೆಡಿಸದೆ ಎಲ್ಲರದನ್ನೂ ಒಪ್ಪಿಸಿ ಸುಮ್ಮನಾದೆ. ಸೋದರತ್ತೆ ಬಾಯಿ ತೆರೆದು ಕುಳಿತಿದ್ದಳು. ಅಲ್ಲಿಯವರೆಗೆ ಒಂದು ಮಾತೂ ಆಡದ ಹುಡುಗ ಆಗ ಕೇಳಿದ.

"ಮತ್ತ ನೀವೇನಂತೀರಿ?"

ನನಗೆ ಯಾರೂ ಅದುವರೆಗೆ ನೀವು ಎಂದಿರಲಿಲ್ಲ. ಏನನ್ನುತ್ತೀ ಎಂದು ಕೇಳಿಯೂ ಇರಲಿಲ್ಲ. ತಲೆ ಎತ್ತಿದೆ. 'ಹೇಳು ಅವರಿಗೆ' ಎನ್ನಲು ನನ್ನ ಮತ್ತು ಆ ಹುಡುಗನ ನಡುವೆ ಯಾರೂ ಇರಲಿಲ್ಲ.

"ನನಗಿನ್ನೂ ಗೊತ್ತಾಗಿಲ್ರಿ" ಎಂದೆ. "ಹತ್ತನೇದರ ಪುಸ್ತಕದಾಗ ಏನೈತಿ ನೋಡಬೇಕಂತ ಮನಸ್ಸೈತ್ರಿ."

ಅಪ್ಪನ ಮುಖ ಕಪ್ಪಿಟ್ಟಿತು.

"ಹುಡುಗಿ ಬುದ್ಧಿರಿ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ. ಲಗ್ನ ಈ ಬ್ಯಾಸಗ್ಯಾಗ ಅಂತ ಮಾತಾಗೇತಿ, ಅದರಾಗ ಬದಲಿಲ್ಲ."

ಆಗ ಅಡಿಗೆ ಮನೆಯ ಹೊಸ್ತಿಲಿನಲ್ಲಿ ಕುಳಿತಿದ್ದ ಆಯಿ ಎದ್ದು ನಿಂತಳು. ನನ್ನ ಮುಖ ನೋಡಲಿಲ್ಲ, ಎತ್ತಿನ ಮುಖವನ್ನೂ ನೋಡಲಿಲ್ಲ. ಬೀಗರಾಗುವವರ ಎದುರಿಗೆ, ಮಗನ ಎದುರಿಗೆ, ಸೊಸೆಯ ಎದುರಿಗೆ, ಮುತ್ಯಾನನ್ನೇ ನೋಡಿದಳು.

"ಏನ್ರಿ, ಸುಮ್ಮ ಕುಂತ್ರೆಲ್ಲ. ನೀವೇನಂತೀರಿ?"

ಮುತ್ಯಾ ಗಾಬರಿಯಾದ. ಮಬ್ಬು ಕಣ್ಣನ್ನು ಒರೆಸಿಕೊಂಡು ದನಿ ಬಂದ ಕಡೆ ತಿರುಗಿದ. ಇಡೀ ಪಡಸಾಲೆ ಅವನನ್ನೇ ನೋಡುತ್ತಿತ್ತು.

"ನೀ ಹೆಂಗ ಅಂತಿ ಹಂಗ" ಎಂದ.

"ಆಕಿ ಹತ್ತನೇದು ಓದಲಿ ಅಂತೇನಿ ನಾ."

"ಓದಲಿ ಮತ್ತ."

ಅವ್ವ ಕಣ್ಣಿಗೆ ಸೆರಗು ಹಚ್ಚಿದ್ದು ನನಗೆ ಕಂಡಿತು. ಹುಡುಗನ ಅಪ್ಪ ಒಮ್ಮೆ ಮುದುಕರನ್ನೂ ಒಮ್ಮೆ ಮಗನನ್ನೂ ನೋಡಿದರು. ಮಗ ತಲೆ ತಗ್ಗಿಸಿ ನಗುತ್ತಿದ್ದ.

"ನಮಗೂ ಗಡಿಬಿಡಿ ಇಲ್ಲ ಬಿಡ್ರಿ" ಎಂದರು ಅವರು ಅಪ್ಪನಿಗೆ. "ಹೊಲದಾಗ ಬಾವಿ ತೋಡಾಕ ಹಿಡದೇವಿ, ಈಂವಗೂ ಅದರ ಕೆಲಸ ಮುಗೀಬೇಕು. ಮುಂದಿನ ಬ್ಯಾಸಗಿಗೆ ಮಾಡೂಣು. ಹುಡುಗಿ ಮಾತ್ರ ನಮ್ಮಾಕಿ, ಅದರಾಗ ಬದಲಿಲ್ಲ."

ಆ ಹುಡುಗನೇ ನಿಮ್ಮ ಅಜ್ಜ. ಅವರು ತೀರಿಕೊಂಡ ಮೇಲೆ ಈ ಮನೆಯಲ್ಲಿ ನನಗೆ ಬಹಳ ಮಂದಿ ಬಹಳ ಪ್ರೀತಿಯಿಂದ ಬಹಳ ಕೇಳುತ್ತೀರಿ, ಉಂಡಿಯಾ, ಮಲಗಿದಿಯಾ, ಗುಳಿಗೆ ತಗೊಂಡಿಯಾ. ನಿಮ್ಮ ಅಜ್ಜ ಇರುವಷ್ಟು ದಿನ ಯಾವ ಕೆಲಸಕ್ಕೂ ಮೊದಲು, ನೀ ಏನಂತಿ ಎಂದು ಕೇಳುತ್ತಿದ್ದರು. ಲಗ್ನವಾದ ಮೇಲೆ ನೀವು ಹೋಗಿ ನೀ ಆಯಿತು, ಅಷ್ಟೇ ಬದಲು.

ಹತ್ತನೆಯದರ ಪುಸ್ತಕ ಕೈಗೆ ಬಂದ ದಿನವೇ ನಾನು ಪರಿವಿಡಿ ತೆಗೆದು ನೋಡಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಬೆಳಕು ಇತ್ತು, ಶಾಖ ಇತ್ತು, ಹೂವಿನ ಭಾಗಗಳು ಇದ್ದವು, ರಕ್ತದ ಓಡಾಟ ಇತ್ತು. ಭೂಮಿ ಹೇಗಾಯಿತು ಎಂಬ ಪಾಠವೇ ಇರಲಿಲ್ಲ. ಮನೆಗೆ ಬಂದು ಅಪ್ಪನೂ ಇರುವಾಗಲೇ ಹೇಳಿಬಿಟ್ಟೆ. ಹೇಳುವಾಗ ಅಳು ಬರುತ್ತಿತ್ತು. ಅಪ್ಪ ತಲೆ ಎತ್ತಿದ. ಅವನು ಬಾಯಿ ತೆರೆಯುವ ಮೊದಲೇ ಮುತ್ಯಾ ಕೇಳಿದ.

"ಪುಸ್ತಕಾ ಪೂರ್ತಿ ಓದಿದೇನು?"

"ಇಲ್ಲ ಮುತ್ಯಾ. ಹೆಸರಷ್ಟ ನೋಡೇನಿ."

"ಪೂರ್ತಿ ಓದಲಾರದ ಇಲ್ಲ ಅಂತ ಹೆಂಗ ಹೇಳತಿ?"

"ಖರೇ ಅಂತಾರವ್ವ ಅವ್ರು" ಎಂದಳು ಆಯಿ ಒಲೆಯ ಮುಂದಿನಿಂದ. "ಮೊದಲ ಎಲ್ಲಾ ಓದು."

ಅಪ್ಪ ನಕ್ಕುಬಿಟ್ಟ. ಎದ್ದು ಹೋಗಿ ಕಂದೀಲಿನ ಗಾಜು ಒರೆಸಿ ತಂದು ನನ್ನ ಮುಂದಿಟ್ಟ. ನಾನು ಮೊದಲನೆಯ ಪುಟ ತೆಗೆದೆ.